ಎಚ್-1ಬಿ ವೀಸಾ: ಹೊರಡುವವರೂ ಅಲ್ಲಿರುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಂಪನಿಯೊಂದು ಹೊರದೇಶದ ನುರಿತ ಕೆಲಸಗಾರರನ್ನು ತಾತ್ಕಾಲಿಕವಾಗಿ ಕರೆಸಿಕೊಳ್ಳುವ ಎಚ್-1ಬಿ ವೀಸಾದ ಬಗ್ಗೆ ವರ್ಷವಿಡೀ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಇವೇ ಪ್ರಶ್ನೆಗಳ ಸುತ್ತ ತಿರುಗುತ್ತವೆ. ನಾನು ವಕೀಲನಲ್ಲ; ಹತ್ತು ವರ್ಷಕ್ಕೂ ಮಿಕ್ಕಿ ಇದೇ ವೀಸಾದ ಮೇಲೆ ದುಡಿದು, ನನ್ನ ಕಾಗದಪತ್ರಗಳನ್ನು ಓದಲು ತಡವಾಗಿ ಕಲಿತವನು. ಇಲ್ಲಿರುವ ನಿಯಮಗಳು 2026ರ ಆರಂಭದ ಹೊತ್ತಿಗೆ ಜಾರಿಯಲ್ಲಿರುವಂಥವು. ಇವು ಬೇಗ ಬದಲಾಗುತ್ತಿರುವುದರಿಂದ ಹೆಜ್ಜೆ ಇಡುವ ಮೊದಲು ಅಮೆರಿಕದ ವಲಸೆ ಸೇವೆಗಳ ಇಲಾಖೆಯಾದ ಯುಎಸ್‌ಸಿಐಎಸ್‌ನ ಜಾಲತಾಣವನ್ನು ದಯವಿಟ್ಟು ಒಮ್ಮೆ ನೋಡಿ.

ಎಚ್-1ಬಿಗೆ ನಾನೇ ಅರ್ಜಿ ಹಾಕಬಹುದೇ?

ಆಗುವುದಿಲ್ಲ. ಅರ್ಜಿದಾರರು ಯಾವಾಗಲೂ ಉದ್ಯೋಗದಾತರೇ. ಆ ಅರ್ಜಿಯಲ್ಲಿ ನೀವು ಫಲಾನುಭವಿ ಮಾತ್ರ. 1952ರ ವಲಸೆ ಕಾಯ್ದೆಯಲ್ಲಿ ಎಚ್-1 ಎಂಬ ಹೆಸರಿನಲ್ಲಿ ಹುಟ್ಟಿದ ಈ ವರ್ಗಕ್ಕೆ 1990ರ ಕಾಯ್ದೆಯು ಇಂದಿನ ರೂಪವನ್ನೂ ವರ್ಷಕ್ಕೆ ಇಷ್ಟೇ ಎಂಬ ಮಿತಿಯನ್ನೂ ಕೊಟ್ಟಿತು. ಕಂಪನಿಯು ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ವೇತನ ಘೋಷಣೆಯನ್ನು ದೃಢಪಡಿಸಿಕೊಂಡು, ಬಳಿಕ ಐ-129 ನಮೂನೆಯಲ್ಲಿ ಯುಎಸ್‌ಸಿಐಎಸ್‌ಗೆ ಪಿಟಿಷನ್ ಸಲ್ಲಿಸುತ್ತದೆ. ಅದು ಮಂಜೂರಾಗಿ ಐ-797 ಎಂಬ ಪತ್ರ ಬಂದ ಮೇಲೆಯೇ ಕಾನ್ಸುಲೇಟಿನ ಕೆಲಸ ಶುರುವಾಗುತ್ತದೆ. ಮೂರು ಬೇರೆ ಬೇರೆ ಇಲಾಖೆಗಳ ಕೈದಾಟುವ ಈ ಕಡತದಲ್ಲಿ ನಿಮ್ಮ ಸಹಿ ಬೀಳುವ ಜಾಗಗಳು ತೀರಾ ಕಡಿಮೆ. ಹಾಗಾಗಿಯೇ ಎಷ್ಟೋ ಮಂದಿ ತಮ್ಮ ಹೆಸರಿನಲ್ಲಿ ಸಲ್ಲಿಕೆಯಾದ ಪಿಟಿಷನ್‌ನಲ್ಲಿ ಏನು ಬರೆದಿದೆ ಎಂಬುದನ್ನು ನೋಡದೆಯೇ ವಿಮಾನ ಹತ್ತಿರುತ್ತಾರೆ.

ನನ್ನದು ಮೂರು ವರ್ಷದ ಬಿ.ಎಸ್ಸಿ. ಸಾಕಾಗುತ್ತದೆಯೇ?

ಹುದ್ದೆಗೆ ನಿರ್ದಿಷ್ಟ ವಿಷಯವೊಂದರಲ್ಲಿ ಕನಿಷ್ಠ ಅಮೆರಿಕದ ಬ್ಯಾಚಲರ್ ಪದವಿಯ ಮಟ್ಟದ ಓದು ಬೇಕು, ಮತ್ತು ಆ ಓದು ನಿಮ್ಮಲ್ಲಿರಬೇಕು ಎಂಬುದು ನಿಯಮದ ತಿರುಳು. ಅಲ್ಲಿನ ಬ್ಯಾಚಲರ್ ಪದವಿ ನಾಲ್ಕು ವರ್ಷದ್ದಾದ್ದರಿಂದ ಬಿ.ಇ. ಮುಗಿಸಿದವರಿಗೆ ಸಾಮಾನ್ಯವಾಗಿ ತೊಡಕಿಲ್ಲ. ಮೂರು ವರ್ಷದ ಬಿ.ಎಸ್ಸಿ., ಬಿ.ಕಾಂ. ಅಥವಾ ಬಿ.ಸಿ.ಎ. ಮಾತ್ರ ಇದ್ದರೆ ಕೊರತೆ ಉಳಿಯುತ್ತದೆ. ಓದಿನ ಒಂದು ವರ್ಷದ ಕೊರತೆಯನ್ನು ಅದೇ ಕ್ಷೇತ್ರದ ಮೂರು ವರ್ಷಗಳ ಅನುಭವದಿಂದ ತುಂಬಿಕೊಳ್ಳಲು ಅವಕಾಶವಿದೆ. ಆ ಅನುಭವ ಪತ್ರದಲ್ಲಿ ಹುದ್ದೆಯ ಹೆಸರು, ಅವಧಿ, ಮಾಡಿದ ಕೆಲಸದ ಸ್ವರೂಪ ಬಿಡಿಬಿಡಿಯಾಗಿ ಇರಬೇಕು. ‘ಇವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ, ಇವರಿಗೆ ಶುಭವಾಗಲಿ’ ಎಂಬ ಎರಡು ಸಾಲಿನ ರಿಲೀವಿಂಗ್ ಪತ್ರ ಕೆಲಸಕ್ಕೆ ಬಾರದು. ಹಳೆಯ ಕಂಪನಿಯ ಮ್ಯಾನೇಜರ್ ಇನ್ನೂ ಅಲ್ಲೇ ಇರುವಾಗಲೇ ವಿವರವಾದ ಪತ್ರ ಬರೆಸಿಕೊಳ್ಳಿ.

ಲಾಟರಿ ಹೇಗೆ ನಡೆಯುತ್ತದೆ?

ವರ್ಷಕ್ಕೆ 65,000 ವೀಸಾ, ಜೊತೆಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಅಥವಾ ಅದಕ್ಕೂ ಮೇಲಿನ ಪದವಿ ಪಡೆದವರಿಗೆ ಇನ್ನೂ 20,000. ಮೊದಲಿನ ಲೆಕ್ಕದಿಂದ 6,800 ಚಿಲಿ ಮತ್ತು ಸಿಂಗಪುರದವರಿಗೆ ಮೀಸಲು. 2001ರಿಂದ 2003ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ (ಅಮೆರಿಕದ ಆರ್ಥಿಕ ವರ್ಷ ಹಿಂದಿನ ಅಕ್ಟೋಬರ್ 1ರಿಂದಲೇ ಶುರುವಾಗುತ್ತದೆ) ಈ ಮಿತಿ 1,95,000ದವರೆಗೆ ಏರಿತ್ತು. ಆ ಹೊತ್ತಿನಲ್ಲಿ ಬೆಂಗಳೂರಿನಿಂದ ಹೋದ ತಲೆಮಾರಿಗೆ ಲಾಟರಿ ಎಂಬ ಪದದ ಬಿಸಿ ತಟ್ಟಿರಲಿಲ್ಲ.

ಈಗ ಕಂಪನಿಗಳು ಮಾರ್ಚ್ ತಿಂಗಳಲ್ಲಿ ಪ್ರತಿ ಅಭ್ಯರ್ಥಿಗೆ 215 ಡಾಲರ್ ಕಟ್ಟಿ ಆನ್‌ಲೈನ್ ನೋಂದಣಿ ಮಾಡುತ್ತವೆ, ಆಯ್ಕೆಯಾದವರ ಪಿಟಿಷನ್ ಏಪ್ರಿಲ್ 1ರಿಂದ ಸಲ್ಲಿಕೆಯಾಗುತ್ತದೆ, ಕೆಲಸ ಶುರುವಾಗುವುದು ಅಕ್ಟೋಬರ್ 1ರಿಂದ. ಒಬ್ಬರ ಹೆಸರಿನಲ್ಲೇ ಐದಾರು ಕಂಪನಿಗಳು ನೋಂದಣಿ ಮಾಡಿ ಅವಕಾಶ ಹಿಗ್ಗಿಸಿಕೊಳ್ಳುವ ಚಾಳಿ ಬೆಳೆದು, 2024ರ ಆರ್ಥಿಕ ವರ್ಷಕ್ಕೆ 7,80,884 ನೋಂದಣಿಗಳು ಬಂದವು. ಪ್ರಾಮಾಣಿಕವಾಗಿ ಒಂದೇ ಅರ್ಜಿ ಹಾಕಿಸಿದ ಮಕ್ಕಳ ಪಾಲಿಗೆ ಅದು ದೊಡ್ಡ ಅನ್ಯಾಯವಾಗಿತ್ತು. 2024ರ ಮಾರ್ಚ್‌ನಿಂದ ಎಷ್ಟೇ ಕಂಪನಿಗಳು ನೋಂದಾಯಿಸಿದರೂ ಪಾಸ್‌ಪೋರ್ಟ್ ಸಂಖ್ಯೆಯ ಆಧಾರದಲ್ಲಿ ಒಬ್ಬರನ್ನು ಒಮ್ಮೆ ಮಾತ್ರ ಎಣಿಸುತ್ತಾರೆ. ಪರಿಣಾಮವಾಗಿ 2026ರ ಆರ್ಥಿಕ ವರ್ಷಕ್ಕೆ ಅರ್ಹ ನೋಂದಣಿಗಳು 3,43,981ಕ್ಕೆ ಇಳಿದು, 1,20,141 ಆಯ್ಕೆಯಾದವು.

2026ರ ಫೆಬ್ರವರಿ 27ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಚೀಟಿ ಎತ್ತುವ ಕ್ರಮವೇ ಬದಲಾಗಿದೆ. ನಿಮಗೆ ಕೊಡಲೊಪ್ಪಿದ ಸಂಬಳವು ಆ ಊರಿನ, ಆ ಕೆಲಸದ ನಾಲ್ಕು ವೇತನ ಮಟ್ಟಗಳಲ್ಲಿ ಎಲ್ಲಿ ನಿಲ್ಲುತ್ತದೆಯೋ ಅಷ್ಟು ಚೀಟಿಗಳು ನಿಮ್ಮ ಹೆಸರಿನಲ್ಲಿ ಬೀಳುತ್ತವೆ: ಮೊದಲ ಮಟ್ಟಕ್ಕೆ ಒಂದು, ನಾಲ್ಕನೆಯದಕ್ಕೆ ನಾಲ್ಕು. ಆಗತಾನೆ ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರುವವರಿಗೆ ಇದು ಹೊಡೆತ ಎಂಬುದನ್ನು ಮುಚ್ಚಿಡುವಂತಿಲ್ಲ. ಸಾಲ ಮಾಡಿ ಎಂ.ಎಸ್. ಓದಲು ಹೊರಟ ಮನೆಗಳು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ವಿಶ್ವವಿದ್ಯಾಲಯಗಳು, ಅವುಗಳೊಂದಿಗೆ ಸೇರಿದ ಲಾಭರಹಿತ ಸಂಸ್ಥೆಗಳು, ಲಾಭರಹಿತ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆಗಳು ಈ ಮಿತಿಯ ಹೊರಗಿವೆ. ಅಲ್ಲಿನ ಕೆಲಸಕ್ಕೆ ಲಾಟರಿ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಪಿಟಿಷನ್ ಹಾಕಬಹುದು. ಸಂಶೋಧನೆಯಲ್ಲಿ ಆಸಕ್ತಿಯುಳ್ಳವರು ಈ ಬಾಗಿಲನ್ನು ಮರೆಯಬಾರದು.

ಒಂದು ಲಕ್ಷ ಡಾಲರ್ ಕಟ್ಟಬೇಕಂತೆ, ನಿಜವೇ?

ನಿಜ, ಆದರೆ ಎಲ್ಲರಿಗೂ ಅನ್ವಯಿಸುವುದಿಲ್ಲ. 2025ರ ಸೆಪ್ಟೆಂಬರ್ 19ರಂದು ಹೊರಬಿದ್ದ ಅಧ್ಯಕ್ಷೀಯ ಘೋಷಣೆಯ ಪ್ರಕಾರ, ಸೆಪ್ಟೆಂಬರ್ 21ರ ನಂತರ ಸಲ್ಲಿಕೆಯಾಗುವ ಹೊಸ ಪಿಟಿಷನ್‌ಗಳಲ್ಲಿ ಅಮೆರಿಕದ ಹೊರಗಿರುವ, ಚಾಲ್ತಿಯಲ್ಲಿರುವ ಎಚ್-1ಬಿ ಇಲ್ಲದ ವ್ಯಕ್ತಿಗಾಗಿ ಕಂಪನಿಯು 1,00,000 ಡಾಲರ್ ಪಾವತಿಸಬೇಕು. ಘೋಷಣೆಯ ಅವಧಿ ಹನ್ನೆರಡು ತಿಂಗಳು. ಅದನ್ನು ವಿಸ್ತರಿಸಲು ಅವಕಾಶವಿದೆ. ಆಗಲೇ ವೀಸಾ ಇದ್ದು ಊರಿಗೆ ಬಂದು ಮರಳುವವರಿಗೆ ಇದು ಅನ್ವಯವಾಗದು. ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೂ, ಅವಧಿ ವಿಸ್ತರಿಸಿಕೊಳ್ಳುವವರಿಗೂ ಅನ್ವಯವಾಗದು ಎಂದು ಅಕ್ಟೋಬರ್ 20ರ ಸೂಚನೆಯಲ್ಲಿ ಯುಎಸ್‌ಸಿಐಎಸ್ ಸ್ಪಷ್ಟಪಡಿಸಿತು.

ಆದರೆ ಈ ಸ್ಪಷ್ಟನೆಗಳು ಬಂದದ್ದು ಆಮೇಲೆ. ಮಹಾಲಯ ಅಮಾವಾಸ್ಯೆಯ ಆ ವಾರಾಂತ್ಯ, ನವರಾತ್ರಿಗೆಂದು ಮನೆಗೆ ಹೋದವರು ಬೊಂಬೆ ಕೂರಿಸುವ ಮೊದಲೇ ಸಿಕ್ಕ ಟಿಕೆಟ್ ಹಿಡಿದು ಮರಳಿ ಹೊರಟರು. ಸೂಟ್‌ಕೇಸ್ ಬಿಚ್ಚದೆ ದೇವನಹಳ್ಳಿಗೆ ವಾಪಸಾದ ದಂಪತಿಗೆ ಆ ರಾತ್ರಿ ಫೋನಿನಲ್ಲಿ ‘ನಿಮ್ಮದು ಹಳೆಯ ಮಂಜೂರಾತಿ, ಪತ್ರದ ದಿನಾಂಕ ಓದಿ’ ಎಂದು ಹೇಳುತ್ತಿದ್ದ ನನಗೂ ಖಾತ್ರಿ ಇರಲಿಲ್ಲ. ಈ ಹಣವನ್ನು ನಿಮ್ಮಿಂದ ಕಂತಿನಲ್ಲಿ ಹಿಡಿಯುತ್ತೇವೆ ಎನ್ನುವ ಕಂಪನಿ ಸಿಕ್ಕರೆ ಆ ಆಫರ್ ಲೆಟರ್ ಬಿಟ್ಟುಬಿಡಿ.

ಎಲ್‌ಸಿಎ ಕಂಪನಿಯ ಕಾಗದವಲ್ಲವೇ? ನಾನೇಕೆ ಓದಬೇಕು?

ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಓದಿ. ನಿಮಗೆ ಎಷ್ಟು ಸಂಬಳ, ಯಾವ ಊರಿನ ಯಾವ ವಿಳಾಸದಲ್ಲಿ ಕೆಲಸ, ಯಾವ ಹುದ್ದೆ, ಯಾವ ವೇತನ ಮಟ್ಟ, ಎಂದಿನಿಂದ ಎಂದಿನವರೆಗೆ ಎಂಬುದನ್ನು ಕಂಪನಿಯು ಸರ್ಕಾರದ ಮುಂದೆ ಪ್ರಮಾಣ ಮಾಡಿ ಹೇಳುವುದು ಎಲ್‌ಸಿಎಯಲ್ಲಿ. ಅದೇ ಕೆಲಸ ಮಾಡುವ ತನ್ನ ಇತರ ನೌಕರರಿಗೆ ಕೊಡುವ ಸಂಬಳ ಮತ್ತು ಆ ಪ್ರದೇಶದಲ್ಲಿ ಚಾಲ್ತಿಯಲ್ಲಿರುವ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುವುದಾಗಿ ಅದು ಮಾತು ಕೊಟ್ಟಿರುತ್ತದೆ. ಕೆಲಸಕ್ಕೆ ಹಾಜರಾಗುವ ದಿನದೊಳಗೆ ಅದರ ಪ್ರತಿಯನ್ನು ನಿಮ್ಮ ಕೈಗೆ ಕೊಡಬೇಕೆಂಬುದು ಕಾನೂನು. ಕೇಳಿದರೆ ಎಚ್‌ಆರ್ ಬೇಸರಿಸಿಕೊಂಡಾರು ಎಂದು ಸಂಕೋಚಪಡುವ ಅಗತ್ಯವಿಲ್ಲ.

ಆಫರ್ ಲೆಟರಿನ ಸಂಬಳವನ್ನೂ ಎಲ್‌ಸಿಎಯ ಸಂಬಳವನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಿಳಾಸವನ್ನೂ ನೋಡಿ. ಕೆಲಸದ ಜಾಗ ಅದೇ ಮಹಾನಗರ ಪ್ರದೇಶದ ಹೊರಗೆ ಬದಲಾದರೆ ಹೊಸ ಎಲ್‌ಸಿಎಯೊಂದಿಗೆ ತಿದ್ದುಪಡಿ ಪಿಟಿಷನ್ ಬೇಕೆಂದು 2015ರ ತೀರ್ಪೊಂದು ಖಚಿತಪಡಿಸಿದೆ. ಮನೆಯಿಂದಲೇ ಕೆಲಸ ಮಾಡುತ್ತ, ಬಾಡಿಗೆ ಕಡಿಮೆಯೆಂದು ಬೇರೆ ರಾಜ್ಯಕ್ಕೆ ಮನೆ ಬದಲಿಸಿ, ಕಂಪನಿಗೆ ತಿಳಿಸದೆ ಇರುವವರು ತಮ್ಮ ಕಾನೂನುಬದ್ಧ ಸ್ಥಿತಿಯನ್ನೇ ಪಣಕ್ಕಿಟ್ಟಿರುತ್ತಾರೆ. ಮನೆ ಬದಲಿಸಿದ ಹತ್ತು ದಿನದೊಳಗೆ ಎಆರ್-11 ನಮೂನೆಯಲ್ಲಿ ವಿಳಾಸ ತಿಳಿಸುವುದು ಬೇರೆಯೇ ಕರ್ತವ್ಯ, ಅದು ನಿಮ್ಮದು.

ವೀಸಾ ಖರ್ಚನ್ನು ನನ್ನಿಂದ ವಸೂಲು ಮಾಡಬಹುದೇ?

ಪಿಟಿಷನ್‌ನೊಂದಿಗೆ ಕಟ್ಟುವ ತರಬೇತಿ ನಿಧಿಯ ಶುಲ್ಕವನ್ನು (25 ಅಥವಾ ಅದಕ್ಕಿಂತ ಕಡಿಮೆ ನೌಕರರಿದ್ದರೆ 750 ಡಾಲರ್, ಹೆಚ್ಚಿದ್ದರೆ 1,500) ನಿಮ್ಮಿಂದ ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಪಡೆಯುವಂತಿಲ್ಲ. ವಂಚನೆ ತಡೆ ಶುಲ್ಕವಾದ 500 ಡಾಲರ್ ಕೂಡ ಕಂಪನಿಯದೇ ಹೊಣೆ. ಪಿಟಿಷನ್‌ಗೆ ತಗಲುವ ವಕೀಲರ ಫೀಸು ಕಂಪನಿಯ ವ್ಯವಹಾರದ ಖರ್ಚು. ಅದನ್ನು ಹಿಡಿದುಕೊಂಡು ನಿಮ್ಮ ಸಂಬಳ ನಿಗದಿತ ವೇತನಕ್ಕಿಂತ ಕೆಳಗಿಳಿಯುವಂತೆ ಮಾಡಬಾರದು. ಕಾನ್ಸುಲೇಟಿನಲ್ಲಿ ಕಟ್ಟುವ 205 ಡಾಲರ್ ವೀಸಾ ಶುಲ್ಕವನ್ನು ನೀವೇ ಕೊಡಬಹುದು, ಎಷ್ಟೋ ಕಂಪನಿಗಳು ಅದನ್ನೂ ಕೊಡುತ್ತವೆ.

ಇಲ್ಲೇ ಒಂದು ಮಾತು. ಲಕ್ಷಗಟ್ಟಲೆ ರೂಪಾಯಿ ಪಡೆದು ‘ಲಾಟರಿಗೆ ಹೆಸರು ಹಾಕಿಸುತ್ತೇವೆ, ಅನುಭವ ನಾವೇ ತೋರಿಸುತ್ತೇವೆ’ ಎನ್ನುವ ಕನ್ಸಲ್ಟೆನ್ಸಿಗಳ ಬಳಿ ಹೋಗಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ತಪ್ಪು ನಿರೂಪಣೆಯ ಕಾರಣಕ್ಕೆ ಅಮೆರಿಕದ ಬಾಗಿಲು ಜೀವಮಾನವಿಡೀ ಮುಚ್ಚಬಹುದು, ಮತ್ತು ಆ ದಾಖಲೆಯ ಮೇಲೆ ಇರುವುದು ಕನ್ಸಲ್ಟೆನ್ಸಿಯವರ ಹೆಸರಲ್ಲ, ನಿಮ್ಮದು.

ಪ್ರಾಜೆಕ್ಟ್ ಇಲ್ಲವೆಂದು ಬೆಂಚಿನಲ್ಲಿ ಕೂರಿಸಿದ್ದಾರೆ, ಸಂಬಳ ಕೊಡುತ್ತಿಲ್ಲ. ಏನು ಮಾಡಲಿ?

ಕೆಲಸವಿಲ್ಲದಿರುವುದು ಕಂಪನಿಯ ಕಾರಣದಿಂದಾದರೆ ಪೂರ್ತಿ ಸಂಬಳ ಕೊಡಲೇಬೇಕು. ಹೊಸದಾಗಿ ಬಂದವರಿಗೂ ಅಷ್ಟೇ: ದೇಶದೊಳಗೆ ಕಾಲಿಟ್ಟ 30 ದಿನಗಳೊಳಗೆ, ಅಲ್ಲೇ ಇದ್ದು ಬದಲಾದವರಿಗೆ 60 ದಿನಗಳೊಳಗೆ ಸಂಬಳ ಶುರುವಾಗಬೇಕು. ಬಾಣಂತನಕ್ಕೋ ಊರಿಗೆ ಹೋಗಲೋ ನೀವೇ ಕೇಳಿ ಪಡೆದ ರಜೆಗೆ ಮಾತ್ರ ಇದು ಅನ್ವಯವಾಗದು. ಕಾರ್ಮಿಕ ಇಲಾಖೆಯ ವೇತನ ಮತ್ತು ಕೆಲಸದ ಅವಧಿ ವಿಭಾಗಕ್ಕೆ ಡಬ್ಲ್ಯುಎಚ್-4 ನಮೂನೆಯಲ್ಲಿ ಹನ್ನೆರಡು ತಿಂಗಳೊಳಗೆ ದೂರು ಕೊಡಬಹುದು, ದೂರು ಕೊಟ್ಟದ್ದಕ್ಕಾಗಿ ಸೇಡು ತೀರಿಸಿಕೊಳ್ಳುವುದು ಕಾನೂನುಬಾಹಿರ.

ಬೆಂಚಿನಲ್ಲಿ ಕೂತವರ ಅವಸ್ಥೆಯನ್ನು ನಾನು ಹತ್ತಿರದಿಂದ ಬಲ್ಲೆ. ಕಂಪನಿಯ ಗೆಸ್ಟ್‌ಹೌಸಿನ ಎರಡು ಕೋಣೆಯಲ್ಲಿ ಆರು ಹುಡುಗರು, ಒಂದೇ ಕುಕ್ಕರಿನಲ್ಲಿ ಅನ್ನ, ಊರಿಂದ ತಂದ ಚಟ್ನಿಪುಡಿ ಡಬ್ಬಿಯ ತಳ. ಅವರಲ್ಲೊಬ್ಬ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಳೆದು, ಮುಂದೆ ಬೇರೆ ಕಂಪನಿಗೆ ಹೋಗುವಾಗ ಆ ತಿಂಗಳುಗಳ ಪೇಸ್ಲಿಪ್ ಕೇಳಿದರೆ ತೋರಿಸಲು ಏನೂ ಇರಲಿಲ್ಲ. ಬಾಕಿ ಸಂಬಳಕ್ಕಿಂತ ಅವನನ್ನು ಹೆಚ್ಚು ಕಾಡಿದ್ದು ಆ ಇಲ್ಲದ ಪೇಸ್ಲಿಪ್. ಬಾಯಿಮಾತಿಗೆ ಬಿಡದೆ, ಕೆಲಸಕ್ಕೆ ಸಿದ್ಧನಿದ್ದೇನೆ ಎಂದು ಪ್ರತಿ ವಾರ ಇಮೇಲ್ ಬರೆದಿಡಿ.

ಸ್ಟ್ಯಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟಿನಲ್ಲಿ ವೀಸಾ ಹಾಕಿಸಲು, ಎಲ್ಲಿಗೆ ಹೋಗಬೇಕು?

ಕರ್ನಾಟಕವು ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ; ಸ್ಲಾಟ್ ಸಿಕ್ಕರೆ ಹೈದರಾಬಾದ್, ಮುಂಬೈ, ಕೋಲ್ಕತ್ತ, ದೆಹಲಿಯಲ್ಲೂ ಸಂದರ್ಶನ ಕೊಡಬಹುದು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್‌ಗೆ ಚಾಲನೆ ನೀಡಿದಾಗ ವೀಸಾ ಸೇವೆ ಅದರ ಜೊತೆಗೆ ಆರಂಭವಾಗಲಿಲ್ಲ. ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ, ಒಂದು ದಿನ ಬೆರಳಚ್ಚು ಮತ್ತು ಫೋಟೊ, ಮತ್ತೊಂದು ದಿನ ಚೆನ್ನೈನ ಅಣ್ಣಾ ಸಾಲೈನಲ್ಲಿ ಸಂದರ್ಶನ. ಒಳಗೆ ಮೊಬೈಲ್ ಬಿಡುವುದಿಲ್ಲ. ಮಗನ ಫೋನು, ಬ್ಯಾಗು ಹಿಡಿದು ಜೆಮಿನಿ ಮೇಲ್ಸೇತುವೆಯ ಬಿಸಿಲಿನಲ್ಲಿ ಗೇಟಿನತ್ತಲೇ ಕಣ್ಣಿಟ್ಟು ನಿಂತ ತಂದೆಯರನ್ನು ಅಲ್ಲಿ ಯಾವ ದಿನ ಹೋದರೂ ನೋಡಬಹುದು.

2025ರ ಸೆಪ್ಟೆಂಬರ್‌ನಿಂದ ಎಚ್-1ಬಿಗೆ ಸಂದರ್ಶನವಿಲ್ಲದೆ ವೀಸಾ ನವೀಕರಿಸುವ ಡ್ರಾಪ್‌ಬಾಕ್ಸ್ ಸೌಲಭ್ಯ ನಿಂತಿದೆ. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಸಂಗಾತಿ, ಮಕ್ಕಳಿಗೆ ಸಿಗುವ ಎಚ್-4 ವೀಸಾದ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ ಆರಂಭವಾಗಿ, ಆ ತಿಂಗಳ ಬಹಳಷ್ಟು ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಎರಡು ವಾರದ ರಜೆಗೆ ಬಂದವರು ಊರಿನಲ್ಲೇ ಉಳಿಯಬೇಕಾಯಿತು. ಮದುವೆ, ಗೃಹಪ್ರವೇಶ ಎಂದು ಹೊರಡುವ ಮುನ್ನ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ವೀಸಾ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಮರಳುವ ದಿನಾಂಕ ನಿಮ್ಮ ಕೈಯಲ್ಲಿರುವುದಿಲ್ಲ ಎಂದುಕೊಂಡೇ ಹೊರಡಿ.

ವೀಸಾ 2028ರವರೆಗೆ ಇದೆ, ಅಲ್ಲಿಯವರೆಗೆ ನಿಶ್ಚಿಂತೆಯಿಂದ ಇರಬಹುದಲ್ಲವೇ?

ಇದೇ ನಂಬಿಕೆಯಿಂದ ನಾನು ಕೆಟ್ಟೆ. ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪು ಬಾಗಿಲ ಬಳಿ ಬಂದು ಒಳಗೆ ಬಿಡಿ ಎಂದು ಕೇಳುವ ಅನುಮತಿ ಮಾತ್ರ; ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ತೀರ್ಮಾನಿಸುವುದು ಪ್ರವೇಶದ ವೇಳೆ ದಾಖಲಾಗುವ ಐ-94. ಪಾಸ್‌ಪೋರ್ಟಿನ ಅವಧಿ ಮೊದಲೇ ಮುಗಿಯುವಂತಿದ್ದರೆ ಐ-94 ಅನ್ನು ಆ ದಿನಕ್ಕೇ ಮಿತಿಗೊಳಿಸುವುದುಂಟು. ನನಗೆ ಹಾಗೇ ಆಯಿತು. ತಿಂಗಳುಗಳು ಕಳೆದು ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋದಾಗ ಕೌಂಟರಿನಲ್ಲಿದ್ದ ಮಹಿಳೆ ತನ್ನ ಪರದೆಯನ್ನು ನನ್ನತ್ತ ತಿರುಗಿಸಿ ದಿನಾಂಕದ ಮೇಲೆ ಪೆನ್ನಿನ ತುದಿ ಇಟ್ಟರು. ನಾನಂದುಕೊಂಡಿದ್ದಕ್ಕಿಂತ ಅದು ಒಂದೂವರೆ ವರ್ಷ ಮುಂಚಿತವಾಗಿತ್ತು, ಉಳಿದದ್ದು ಹನ್ನೊಂದು ವಾರ. ಪಾಸ್‌ಪೋರ್ಟ್ ನವೀಕರಿಸಿ, ಒಮ್ಮೆ ದೇಶದ ಹೊರಗೆ ಹೋಗಿ ಬಂದು ಸರಿಪಡಿಸಿಕೊಂಡೆ. ಕಂಪನಿಯಿಂದ ವಿಸ್ತರಣೆ ಪಿಟಿಷನ್ ಹಾಕಿಸುವುದು ಇನ್ನೊಂದು ದಾರಿ. ಪ್ರತಿ ಬಾರಿ ಒಳಬಂದ ಮರುದಿನವೇ ಅಮೆರಿಕದ ಗಡಿ ಸುಂಕ ಇಲಾಖೆಯ ಜಾಲತಾಣದಿಂದ ನಿಮ್ಮ ಮತ್ತು ಮನೆಯವರೆಲ್ಲರ ಐ-94 ಇಳಿಸಿಕೊಂಡು ದಿನಾಂಕ ನೋಡಿ. ಮಗುವಿನ ಪಾಸ್‌ಪೋರ್ಟು ಐದೇ ವರ್ಷದ್ದಾದ್ದರಿಂದ ಮಕ್ಕಳ ವಿಷಯದಲ್ಲಿ ಈ ಎಡವಟ್ಟು ಹೆಚ್ಚು.

ಕಂಪನಿ ಬದಲಿಸಬಹುದೇ?

ಬದಲಿಸಬಹುದು. ಹೊಸ ಕಂಪನಿಯ ಪಿಟಿಷನ್ ಯುಎಸ್‌ಸಿಐಎಸ್‌ಗೆ ತಲುಪಿದ ಕೂಡಲೇ ಅಲ್ಲಿ ಕೆಲಸ ಶುರು ಮಾಡಲು 2000ದ ಕಾಯ್ದೆ ಅವಕಾಶ ಕೊಟ್ಟಿದೆ. ಮಂಜೂರಾತಿಯವರೆಗೆ ಕಾಯುವುದು ಸುರಕ್ಷಿತ. ಒಮ್ಮೆ ಮಿತಿಯೊಳಗೆ ಎಣಿಕೆಯಾದವರಿಗೆ ಮತ್ತೆ ಲಾಟರಿ ಇಲ್ಲ. ಮಧ್ಯದಲ್ಲಿ ಬಿಟ್ಟರೆ ದಂಡ ಕಟ್ಟಬೇಕೆಂಬ ಕರಾರು ನಿಲ್ಲುವುದಿಲ್ಲ. ನಿಜವಾದ ನಷ್ಟಕ್ಕೆ ತಕ್ಕ ಪರಿಹಾರ ಕೇಳುವ ಕರಾರು ರಾಜ್ಯದ ಕಾನೂನಿನ ಪ್ರಕಾರ ನಿಲ್ಲಬಹುದು. ಸಹಿ ಹಾಕುವ ಮುನ್ನ ಆ ಪುಟವನ್ನು ವಕೀಲರಿಗೆ ತೋರಿಸಿ.

ಕೆಲಸ ಹೋದರೆ ಎಷ್ಟು ದಿನ ಇರಬಹುದು?

60 ದಿನ, ಅಥವಾ ಐ-94 ಮುಗಿಯುವ ದಿನ, ಯಾವುದು ಮೊದಲೋ ಅದು. 2017ರ ಜನವರಿಗಿಂತ ಮೊದಲು ಈ ಸಮಯವೂ ಇರಲಿಲ್ಲ. ಎಣಿಕೆ ಉದ್ಯೋಗ ಕೊನೆಗೊಂಡ ಮರುದಿನದಿಂದ ಶುರು. ಆಮೇಲೆ ಬರುವ ಪರಿಹಾರದ ಹಣ ಅದನ್ನು ಹಿಗ್ಗಿಸುವುದಿಲ್ಲ. ಅಷ್ಟರೊಳಗೆ ಹೊಸ ಕಂಪನಿ ಪಿಟಿಷನ್ ಸಲ್ಲಿಸಬೇಕು, ಇಲ್ಲವೇ ನೀವು ಬೇರೆ ವರ್ಗಕ್ಕೆ, ಉದಾಹರಣೆಗೆ ಸಂಗಾತಿಯ ಆಸರೆಯಲ್ಲಿ ಎಚ್-4ಗೆ, ಬದಲಾಗಲು ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಅವಧಿಗೆ ಮುಂಚೆ ಕಂಪನಿಯೇ ತೆಗೆದಿದ್ದರೆ ನಿಮ್ಮನ್ನು ಊರಿಗೆ ಮರಳಿಸುವ ಪ್ರಯಾಣದ ನ್ಯಾಯವಾದ ವೆಚ್ಚ ಕೊಡುವ ಹೊಣೆ ಅದಕ್ಕಿದೆ. ಬಹುತೇಕರು ಇದನ್ನು ಕೇಳುವುದೇ ಇಲ್ಲ. ಮೊದಲ ವಾರ ನಾಚಿಕೆಯಿಂದ ಯಾರಿಗೂ ಹೇಳದೆ ಕಳೆಯಬೇಡಿ. ಕೆಲಸ ಹೋದ ದಿನವೇ ಹತ್ತು ಮಂದಿಗೆ ಫೋನ್ ಮಾಡಿದವರು ಬೇಗ ದಡ ಸೇರಿದ್ದನ್ನು ನಾನು ಕಂಡಿದ್ದೇನೆ.

ಆರು ವರ್ಷ ಮುಗಿದ ಮೇಲೆ?

ಒಮ್ಮೆಗೆ ಮೂರು ವರ್ಷ, ಒಟ್ಟು ಆರು ವರ್ಷ ಎಂಬುದು ಮೂಲ ನಿಯಮ. ನಡುವೆ ದೇಶದ ಹೊರಗೆ ಕಳೆದ ದಿನಗಳನ್ನು ಈ ಆರು ವರ್ಷಕ್ಕೆ ಮರಳಿ ಸೇರಿಸಿಕೊಳ್ಳಬಹುದು, ಅದಕ್ಕೆ ಪಾಸ್‌ಪೋರ್ಟಿನ ಮುದ್ರೆಗಳೇ ಸಾಕ್ಷಿ. ಕಂಪನಿಯು ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಪ್ರಕ್ರಿಯೆ ಶುರು ಮಾಡಿ ಒಂದು ವರ್ಷ ಕಳೆದಿದ್ದರೆ ವರ್ಷವರ್ಷವೂ, ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಪಿಟಿಷನ್ ಮಂಜೂರಾಗಿ ಸರದಿ ಬಂದಿರದಿದ್ದರೆ ಮೂರು ಮೂರು ವರ್ಷವೂ ವಿಸ್ತರಣೆ ಸಿಗುತ್ತದೆ. ಮಂಜೂರಾಗಿ 180 ದಿನ ದಾಟಿದ ಐ-140 ಅನ್ನು ಹಳೆಯ ಕಂಪನಿ ಹಿಂತೆಗೆದುಕೊಂಡರೂ ನಿಮ್ಮ ಸರದಿಯ ದಿನಾಂಕ ಉಳಿಯುತ್ತದೆ.

ವರ್ಷಕ್ಕೆ ಸುಮಾರು 1,40,000 ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳು, ಅವುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯಿಂದಾಗಿ ಭಾರತದವರ ಸಾಲು ದಶಕ ದಾಟಿದೆ. ‘ತಾತ್ಕಾಲಿಕ’ ಎಂಬ ವೀಸಾದ ಮೇಲೆಯೇ ಜನ ಮನೆ ಕೊಂಡು, ಮಕ್ಕಳನ್ನು ಬೆಳೆಸಿ, ತಲೆ ನರೆಸಿಕೊಂಡಿದ್ದಾರೆ.

ಸಂಗಾತಿ ಕೆಲಸ ಮಾಡಬಹುದೇ? ಮಕ್ಕಳ ಗತಿ?

ನಿಮ್ಮ ಐ-140 ಮಂಜೂರಾಗಿದ್ದರೆ ಅಥವಾ ಆರು ವರ್ಷ ದಾಟಿದ ವಿಸ್ತರಣೆಯಲ್ಲಿದ್ದರೆ ಎಚ್-4 ಸಂಗಾತಿ ಉದ್ಯೋಗ ಪರವಾನಗಿ ಪಡೆಯಬಹುದು. ಈ ಅವಕಾಶ ಬಂದದ್ದು 2015ರ ಮೇ 26ರಿಂದ. ಆ ಪರವಾನಗಿ ಸಿಗುವವರೆಗೆ ಓದಬಹುದು, ದುಡಿಯುವಂತಿಲ್ಲ. ಬೆಂಗಳೂರಿನಲ್ಲಿ ತಂಡ ನಡೆಸುತ್ತಿದ್ದ ಹೆಣ್ಣುಮಕ್ಕಳು ಅಡುಗೆಮನೆಯ ಕಿಟಕಿಯಿಂದ ಹಿಮ ನೋಡುತ್ತ ಕಳೆದ ವರ್ಷಗಳ ನೋವನ್ನು ಹೊರಡುವ ಮುನ್ನವೇ ಇಬ್ಬರೂ ಕೂತು ಮಾತಾಡಬೇಕು. ಮಕ್ಕಳು 21 ತುಂಬಿದಾಗ ಎಚ್-4 ಕಳೆದುಕೊಳ್ಳುತ್ತಾರೆ, ಎರಡನೇ ವಯಸ್ಸಿನಲ್ಲಿ ಬಂದಿದ್ದರೂ ಸರಿಯೇ. ಮಗು ಹೈಸ್ಕೂಲಿಗೆ ಬಂದ ವರ್ಷವೇ ವಕೀಲರೊಂದಿಗೆ ಕೂತು ವಯಸ್ಸಿನ ಲೆಕ್ಕ ಹಾಕಿಸಿ.

ಸಂಬಳದಲ್ಲಿ ಹಿಡಿಯುವ ಸೋಷಿಯಲ್ ಸೆಕ್ಯುರಿಟಿ ಹಣ ವಾಪಸ್ ಬರುತ್ತದೆಯೇ?

ಬರುವುದಿಲ್ಲ. ಸಂಬಳದ ಶೇ. 6.2 ಅದಕ್ಕೂ ಶೇ. 1.45 ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಗೂ ಹೋಗುತ್ತದೆ. ಪಿಂಚಣಿಗೆ 40 ತ್ರೈಮಾಸಿಕ, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಆರು ವರ್ಷಕ್ಕೆ ಮರಳುವವರಿಗೆ ಅದು ದಕ್ಕದು. ಎರಡೂ ದೇಶಗಳ ನಡುವೆ ಈ ಬಗ್ಗೆ ಒಪ್ಪಂದವಾಗಿಲ್ಲ.

ಯಾವ ಯಾವ ಕಾಗದ ಇಟ್ಟುಕೊಳ್ಳಬೇಕು?

ಎಲ್ಲ ಐ-797 ಪತ್ರಗಳು, ಪ್ರತಿ ಎಲ್‌ಸಿಎ, ಪಿಟಿಷನ್‌ನ ಪೂರ್ತಿ ಪ್ರತಿ, ಪ್ರತಿ ಪ್ರವೇಶದ ಐ-94, ಮೊದಲ ತಿಂಗಳಿನಿಂದ ಪೇಸ್ಲಿಪ್‌ಗಳು, ವರ್ಷದ ಸಂಬಳ ಮತ್ತು ತೆರಿಗೆಯ ಲೆಕ್ಕ ಕೊಡುವ ಡಬ್ಲ್ಯು-2ಗಳು, ಹಳೆಯ ಪಾಸ್‌ಪೋರ್ಟುಗಳು, ಅನುಭವ ಪತ್ರಗಳು. ಪಿಟಿಷನ್‌ನ ಪ್ರತಿ ಕೊಡಲು ಕೆಲವು ಕಂಪನಿಗಳು ಹಿಂದೇಟು ಹಾಕುತ್ತವೆ. ಕೆಲಸದಲ್ಲಿರುವಾಗಲೇ ವಿನಯದಿಂದ, ಇಮೇಲ್ ಮೂಲಕ, ಎರಡು ಮೂರು ಸಲ ಕೇಳಿ. ಇವೆಲ್ಲವನ್ನೂ ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇಡಬೇಡಿ, ಏಕೆಂದರೆ ಕೆಲಸ ಹೋದ ದಿನ ಮೊದಲು ಮುಚ್ಚುವುದು ಅದೇ. ನನ್ನವು ಒಂದು ನೀಲಿ ಫೈಲಿನಲ್ಲಿವೆ, ಸ್ಕ್ಯಾನ್ ಮಾಡಿದ ಪ್ರತಿ ಮೈಸೂರಿನಲ್ಲಿರುವ ತಂಗಿಯ ಬಳಿ ಇದೆ, ಮತ್ತು ಪ್ರತಿ ಯುಗಾದಿಯ ಮರುದಿನ ಅದರಲ್ಲಿರುವ ದಿನಾಂಕಗಳನ್ನೆಲ್ಲ ಹೊಸ ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಳ್ಳುತ್ತೇನೆ.